ಆಸೆಯ ಪ್ರಮಾಣ

ಕೈಯಲ್ಲಿರುವ ವಸ್ತುವಿಗಿಂತ ಇನ್ನೂ ಬಾರದ ವಸ್ತುವಿನ ಮೇಲೆ ಮನುಷ್ಯನಿಗೆ ಮೋಹವು ಹೆಚ್ಚು. ಆ ವಸ್ತುವಿನ ಬೆಲೆಯು ವರ್ಷದಿಂದ ವರ್ಷಕ್ಕೆ ಏರುತ್ತಲಿದೆಯೆಂದು ತಿಳಿದರಂತೂ ಮೋಹಕ್ಕೆ ಭಯವೂ ಜೊತೆಗೂಡುವುದು. ಹೀಗೆ ಮೋಹಭಯಗಳ ನಡುವೆ ಸಿಕ್ಕಿಕೊಂಡ ಗೃಹಸ್ಥನು ಏನು ಮಾಡತಕ್ಕದ್ದು? ಹೊಲ, ಬಂಗಾರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಎಲ್ಲರೂ ಚರ್ಚಿಸುವರು. ನಾನಾದರೋ ಇದನ್ನು ಒಂದು ಆಟಿಕೆಯ ವಿಷಯದಲ್ಲಿ ವಿಚಾರಿಸಬೇಕೆಂದಿರುವೆನು. ಏತಕ್ಕೆಂದರೆ, ಹೊಲ ಬಂಗಾರಗಳಲ್ಲಿ ಲಾಭನಷ್ಟಗಳ ಲೆಕ್ಕವು ಸೇರಿಕೊಂಡು ಆಸೆಯ ನಿಜಸ್ವರೂಪವು ಮರೆಯಾಗಿಬಿಡುವುದು. ಆಟಿಕೆಯಲ್ಲಿ ಅದು ಬರಿಯ ಆಸೆಯಾಗಿಯೇ ಕಾಣಿಸಿಕೊಳ್ಳುವುದು.

ನಾನು ಹೇಳುವ ಆಟಿಕೆಯು ಮಾದರಿ ವಿಮಾನ. ಅಂಗಡಿಯಿಂದ ತರುವಾಗ ಅದು ವಿಮಾನವಾಗಿರುವುದಿಲ್ಲ. ಒಂದು ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು, ಜೋಡಿಸುವ ಕ್ರಮವನ್ನು ತೋರಿಸುವ ಚಿತ್ರಪತ್ರ, ನೀರಿನಲ್ಲಿ ನೆನೆಸಿ ಅಂಟಿಸತಕ್ಕ ಗುರುತುಚೀಟಿಗಳು, ಇಷ್ಟೇ ಇರುವುವು. ಇದನ್ನು ‘ಕಿಟ್’ ಎಂದು ಕರೆಯುವರು. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ವಿಮಾನವನ್ನು ಮಾಡಿಕೊಳ್ಳುವ ಭಾರವು ಕೊಂಡವನದು. ಇದರಲ್ಲಿ ಮುಖ್ಯವಾದುದು ಪ್ರಮಾಣ. ಬಹಳವಾಗಿ ಬಳಕೆಯಲ್ಲಿರುವ ಪ್ರಮಾಣವು 72ಕ್ಕೆ ಒಂದು. ಅಂದರೆ ನಿಜವಾದ ವಿಮಾನದ 6 ಅಡಿಯು ಮಾದರಿಯಲ್ಲಿ 1 ಅಂಗುಲವಾಗುವುದು. 2001ನೆಯ ಇಸವಿಯ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ‘ತೇಜಸ್’ ವಿಮಾನದ ರೆಕ್ಕೆಗಳ ಹರವು 8.2 ಮೀಟರು. ಈ ಪ್ರಮಾಣದಲ್ಲಿ ಅದು 11 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಾಗಿ, ಅಂಗೈಯ ಮೇಲೆ ಕುಳಿತುಕೊಳ್ಳುವಷ್ಟಾಗುವುದು.

ಈ ಹವ್ಯಾಸವು ಹೊಸದಲ್ಲ. ಇಂಗ್ಲೆಂಡಿನಲ್ಲಿ 1936ರಲ್ಲಿಯೇ ‘ಫ್ರಾಗ್’ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಕಿಟ್ಟುಗಳು ಮಾರಾಟಕ್ಕೆ ಬಂದುವು. 1953ರಲ್ಲಿ ‘ಏರ್‌ಫಿಕ್ಸ್’ ಕಂಪನಿಯವರು ‘ಸ್ಪಿಟ್‌ಫೈರ್’ ವಿಮಾನದ ಕಿಟ್ಟನ್ನು 2 ಷಿಲಿಂಗಿಗೆ ಮಾರಿದರು. ಶಾಲೆಯ ಹುಡುಗನೂ ಕೂಡಿಹಾಕಿ ಕೊಳ್ಳಬಹುದಾದ ಬೆಲೆ ಅದು. ಈಗಿನ ಕ್ರಮವೇನೆಂದರೆ, ಕಂಪನಿಗಳು ಹೊಸ ಕಿಟ್ಟಿನ ವಾರ್ತೆಯನ್ನು ಮೊದಲು ಪ್ರಕಟಿಸುವುವು. ಪೆಟ್ಟಿಗೆಯು ಅಂಗಡಿಗೆ ಬರುವುದು ಎಷ್ಟೋ ತಿಂಗಳುಗಳ ಮೇಲೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ವರ್ಷಾರಂಭಕ್ಕೆ ನಡೆಯುವ ಆಟಿಕೆಗಳ ಮೇಳ, ಜಪಾನಿನ ಷಿಜುವೋಕದಲ್ಲಿ ಮೇ ತಿಂಗಳಲ್ಲಿ ನಡೆಯುವ ಪ್ರದರ್ಶನ, ಇವು ಇಂತಹ ವಾರ್ತೆಗಳ ಕಾಲ. ಯುಗಾದಿಯ ಪಂಚಾಂಗಶ್ರವಣದಲ್ಲಿ ನಮ್ಮ ಭಾಗದ ಒಕ್ಕಲಿಗರು ಮಳೆಬೆಳೆಗಳ ಫಲವನ್ನು ಕೇಳುವಂತೆ ಈ ಹವ್ಯಾಸಿಗಳು ಆ ವಾರ್ತೆಗಳಿಗೆ ಕಿವಿಗೊಡುವರು.

ಬೆಲೆಯ ಏರಿಕೆಗೆ ಕಾರಣಗಳು ಉಂಟು. ಹೊಸ ವಿಮಾನವೊಂದಕ್ಕೆ ಉಕ್ಕಿನಲ್ಲಿ ಹೊಸ ಅಚ್ಚನ್ನು ಕೊರೆಯಬೇಕು. ಅದರ ದೊಡ್ಡ ವೆಚ್ಚವು ಮಾರಾಟವಾಗುವ ಪೆಟ್ಟಿಗೆಗಳ ಮೇಲೆ ಹಂಚಿಕೆಯಾಗುವುದು. ಪ್ಲಾಸ್ಟಿಕ್ಕು ಹುಟ್ಟುವುದು ಕಚ್ಚಾ ತೈಲದಿಂದ. ಪೆಟ್ಟಿಗೆಯು ಬರುವುದು ಸಮುದ್ರ ದಾಟಿ. ಇದರ ಮೇಲೆ ನಮ್ಮ ರೂಪಾಯಿಯ ಇಳಿತ. 1966ರ ಜೂನಿನಲ್ಲಿ ಒಂದು ಡಾಲರಿಗೆ 7 ರೂಪಾಯಿ 50 ಪೈಸೆಯೆಂದು ಗೊತ್ತುಮಾಡಿದ ದರವು 2022ರ ಜುಲೈಯಲ್ಲಿ 80 ರೂಪಾಯಿಯನ್ನು ದಾಟಿತು. ಇನ್ನು ಆಮದು ಸುಂಕ. ಸುಂಕದ ಪಟ್ಟಿಯಲ್ಲಿ ಇಂತಹ ಮಾದರಿಗಳೂ ಆಟಿಕೆಗಳ ವರ್ಗಕ್ಕೇ ಸೇರಿರುವುವು. ನೂರಕ್ಕೆ 20 ಇದ್ದ ಆ ಸುಂಕವನ್ನು 2020ರಲ್ಲಿ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ಬಂದರಿನಲ್ಲಿ 1000 ರೂಪಾಯಿ ಬಾಳುವ ಪೆಟ್ಟಿಗೆಗೆ ಮೊದಲು 200 ರೂಪಾಯಿ ಇದ್ದ ಮೂಲ ಸುಂಕವು ಮೂರು ವರ್ಷಗಳೊಳಗೆ 700 ಆಯಿತೆಂದರೆ, ಹವ್ಯಾಸಿಗಳ ಕಳವಳವು ಸುಳ್ಳಲ್ಲವೆಂದು ವಾಚಕರು ತಿಳಿಯಬಹುದು.

ಕಾರಣವನ್ನು ಅರಿತ ಮಾತ್ರಕ್ಕೆ ಕರ್ತವ್ಯವು ಗೊತ್ತಾಗುವುದಿಲ್ಲ. ದೇವದುರ್ಗದಲ್ಲಿ ನಮ್ಮ ಓಣಿಯ ಹುಡುಗನೊಬ್ಬನಿಗೆ ಈ ಹವ್ಯಾಸವುಂಟು. ತಂದೆಯು ಹತ್ತಿ ವ್ಯಾಪಾರದ ಅಂಗಡಿಯೊಂದರಲ್ಲಿ ಗುಮಾಸ್ತ. ಹುಡುಗನು ಹಬ್ಬಹುಣ್ಣಿಮೆಗಳಲ್ಲಿ ಹಿರಿಯರು ಕೊಟ್ಟ ಹಣವನ್ನು ಕೂಡಿಸಿಟ್ಟಿದ್ದನು. “ತಾತ, ನನಗ ಬೇಕಾದ ವಿಮಾನ ಬರೋದು ಮುಂದಿನ ವರ್ಷ. ಅಷ್ಟೊತ್ತಿಗೆ ರೇಟು ಇನ್ನೂ ಏರ್ತದಂತ. ಈಗ ಸಿಗೋ ಬ್ಯಾರೆ ಎರಡು ಪೆಟ್ಟಿಗಿ ತಗೊಂಡು ಇಟ್ಟುಕೊಂಡ್ರ ಚಲೋ ಅಲ್ಲೇನ್ರಿ?” ಎಂದು ಆತನು ಒಂದು ದಿನ ನನ್ನನ್ನು ಕೇಳಿದನು. ಮಾತು ಹುಡುಗನದಾದರೂ ಪ್ರಶ್ನೆಯು ದೊಡ್ಡವರದು. ತನಗೆ ಬೇಕಾದುದು ಒಂದು. ಭಯದಿಂದ ಕೊಳ್ಳಹೊರಟಿರುವುದು ಬೇರೆ ಎರಡು!

ಒಂದು ಕೆಲಸಕ್ಕೆ ಮನುಷ್ಯನು ಕೈಹಾಕುವುದು ಏತರಿಂದ ಎಂಬುದನ್ನು ನಮ್ಮ ನೈಯಾಯಿಕರು ಸೂಕ್ಷ್ಮವಾಗಿ ವಿಚಾರಿಸಿರುವರು. ಅದಕ್ಕೆ ಮೂರು ತಿಳಿವುಗಳು ಬೇಕೆಂದು ಅವರ ಅಭಿಪ್ರಾಯ. ಇದು ನನ್ನ ಪ್ರಯತ್ನದಿಂದ ಆಗುವಂತಹದು ಎಂಬುದು ಒಂದು. ಇದರಿಂದ ನನಗೆ ಇಷ್ಟವಾದುದು ದೊರೆಯುವುದು ಎಂಬುದು ಎರಡನೆಯದು. ಆ ಇಷ್ಟಕ್ಕಿಂತ ಬಲವಾದ ಅನಿಷ್ಟವು ಇದರ ಬೆನ್ನಿಗೆ ಬರುವುದಿಲ್ಲ ಎಂಬುದು ಮೂರನೆಯದು. ನಾಳೆ ಬೆಲೆ ಏರುವುದೆಂಬ ತಿಳಿವು ಈ ಮೂರರಲ್ಲಿ ಯಾವುದೂ ಅಲ್ಲವೆಂಬುದನ್ನು ಗಮನಿಸಬೇಕು. ಬೇಕೆಂದು ನಿಶ್ಚಯವಾದ ವಸ್ತುವನ್ನು ಯಾವಾಗ ಕೊಳ್ಳಬೇಕೆಂಬುದಕ್ಕೆ ಬೆಲೆಯ ಏರಿಕೆಯು ಕಾರಣವಾಗಬಹುದು. ಬೇಕೇ ಬೇಡವೇ ಎಂಬುದಕ್ಕೆ ಎಂದಿಗೂ ಕಾರಣವಾಗಲಾರದು. ಈ ಎರಡನ್ನು ಬೆರೆಸುವುದರಿಂದಲೇ ಗೃಹಸ್ಥರ ಎಷ್ಟೋ ಹಣವು ಹಾಳಾಗುವುದು.

ಎರಡನೆಯ ತಿಳಿವನ್ನು ಪರೀಕ್ಷಿಸೋಣ. ಮಾದರಿ ವಿಮಾನದಲ್ಲಿ ಇಷ್ಟವೆಂಬುದು ಯಾವುದು? ಪೆಟ್ಟಿಗೆಯೇ, ಅಥವಾ ಅದನ್ನು ಜೋಡಿಸುವ ಕೆಲಸವೇ? ಈ ಹವ್ಯಾಸದಲ್ಲಿ ಮುಳುಗಿದ ಅನೇಕರ ಮನೆಗಳಲ್ಲಿ ತೆರೆಯದ ಪೆಟ್ಟಿಗೆಗಳು ಅಟ್ಟದವರೆಗೆ ಬೆಳೆದಿರುವುವೆಂದು ಅವರೇ ನಗುತ್ತ ಹೇಳಿಕೊಳ್ಳುವರು. ಬೆಲೆ ಏರೀತೆಂದು ಕೊಂಡರು; ಕೊಂಡುದನ್ನು ಜೋಡಿಸುವುದಕ್ಕೆ ಆಯುಷ್ಯವೇ ಸಾಲದು. ಕಾಲವನ್ನು ಕೊಡದೆ ಹಣವನ್ನು ಮಾತ್ರ ಕೊಟ್ಟವನಿಗೆ ವಿಮಾನವು ದೊರೆಯಲಿಲ್ಲ, ವಿಮಾನದ ಆಸೆಯನ್ನು ಮಡಿಸಿಟ್ಟ ರಟ್ಟಿನ ಪೆಟ್ಟಿಗೆ ದೊರೆಯಿತು. ಓದದ ಗ್ರಂಥಗಳನ್ನು ಕಪಾಟಿನಲ್ಲಿ ತುಂಬಿದ ನಮ್ಮಂಥವರಿಗೂ ಈ ಮಾತು ಅನ್ವಯಿಸುವುದು.

ಮೂರನೆಯ ತಿಳಿವಿಗೆ ಶೂದ್ರಕನ ‘ಮೃಚ್ಛಕಟಿಕ’ಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಆ ನಾಟಕಕ್ಕೆ ಹೆಸರು ಬಂದುದೇ ಒಂದು ಆಟಿಕೆಯಿಂದ. ಬಡವನಾದ ಚಾರುದತ್ತನ ಮಗನು ಮಣ್ಣಿನ ಬಂಡಿಯನ್ನು ಒಲ್ಲದೆ, ನೆರೆಮನೆಯ ಹುಡುಗನಲ್ಲಿ ಕಂಡ ಚಿನ್ನದ ಬಂಡಿಗಾಗಿ ಅಳುವನು. ವಸಂತಸೇನೆಯು ಕರುಣೆಯಿಂದ ತನ್ನ ಒಡವೆಗಳನ್ನು ಕಳಚಿ ಮಣ್ಣಿನ ಬಂಡಿಗೆ ತುಂಬಿ, ಚಿನ್ನದ ಬಂಡಿಯನ್ನು ಮಾಡಿಸಿಕೊಳ್ಳೆಂದು ಹೇಳುವಳು. ಮುಂದೆ ಆ ಒಡವೆಗಳೇ ನ್ಯಾಯಸಭೆಯಲ್ಲಿ ಬಿದ್ದು, ಚಾರುದತ್ತನ ಮೇಲೆ ಕೊಲೆಯ ಆರೋಪಕ್ಕೆ ಸಾಕ್ಷಿಯಾಗಿ, ಆತನನ್ನು ವಧ್ಯಸ್ಥಾನದವರೆಗೆ ಕೊಂಡೊಯ್ಯುವುವು. ವಸಂತಸೇನೆಯ ವಾತ್ಸಲ್ಯದಲ್ಲಿ ದೋಷವಿಲ್ಲ, ಮಗುವಿನ ಅಳುವಿನಲ್ಲಿಯೂ ದೋಷವಿಲ್ಲ. ಆದರೆ ಮನೆಯ ಅಳತೆಗೆ ಮೀರಿದ ಬೆಲೆಯು ಆಟಿಕೆಯೊಳಗೆ ಸೇರಿತು. ಆಟಿಕೆಯು ಆಟಿಕೆಯಾಗಿ ಉಳಿಯಲಿಲ್ಲ. ಆ ಮಗುವಿನ ಆಸೆಯು ಚಿನ್ನವನ್ನು ತಿಳಿದು ಹುಟ್ಟಿದುದಲ್ಲ, ಪಕ್ಕದವನ ಕೈಯನ್ನು ನೋಡಿ ಹುಟ್ಟಿದುದೆಂಬುದನ್ನೂ ನೆನಪಿಡಬೇಕು.

ಹಾಗಾದರೆ ಆಟಿಕೆಯೇ ಬೇಡ, ಆ ಹಣಕ್ಕೆ ಪುಸ್ತಕ ತರಬಹುದು, ಹೊಲಕ್ಕೆ ಗೊಬ್ಬರ ತರಬಹುದು ಎಂದು ಕೆಲವರು ಪೂರ್ವಪಕ್ಷವನ್ನು ಹೂಡುವರು. ಇದಕ್ಕೆ ನನ್ನ ಸಮ್ಮತಿಯಿಲ್ಲ. ನಕ್ಷೆಯನ್ನು ಓದುವುದು, ಒಂದು ಭಾಗವು ಒಣಗುವವರೆಗೆ ಇನ್ನೊಂದನ್ನು ಮುಟ್ಟದಿರುವುದು, ತಪ್ಪಿ ಅಂಟಿಸಿದುದನ್ನು ಸಹನೆಯಿಂದ ಬಿಡಿಸುವುದು, ಇವನ್ನು ನಾನು ತರಗತಿಯಲ್ಲಿ ಬಾಯಿಮಾತಿನಿಂದ ಕಲಿಸಲು ಬಹಳ ಶ್ರಮಪಟ್ಟಿರುವೆನು. ಪುಟ್ಟ ವಿಮಾನವು ಮೌನವಾಗಿ ಕಲಿಸುವುದು. ಆಸೆಯನ್ನು ಬೇರಿನಿಂದ ಕಿತ್ತರೆ ಅದರೊಡನೆ ಪ್ರಯತ್ನವೂ ಕೀಳಲ್ಪಡುವುದು. ಇಚ್ಛೆಯಿಲ್ಲದೆ ಪ್ರಯತ್ನವಿಲ್ಲವೆಂಬುದು ಶಾಸ್ತ್ರಕ್ಕೂ ಲೋಕಾನುಭವಕ್ಕೂ ಸಮ್ಮತವಾದ ಮಾತು.

ವಿದೇಶದ ಪೆಟ್ಟಿಗೆ ದುಬಾರಿಯಾದರೆ ನಮ್ಮ ನಾಡಿನ ಆಟಿಕೆಯನ್ನು ಕೊಳ್ಳಿರೆಂದು ಇನ್ನು ಕೆಲವರು ಹೇಳುವರು. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಸೀಮೆಯಲ್ಲಿ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟನ್ನು ಬಳಸಿ, ಬಣ್ಣ ಕೊಟ್ಟು ಗೊಂಬೆಗಳನ್ನು ಮಾಡುವರು. ಕಿನ್ನಾಳದ ಗೊಂಬೆಯು ಮಾದರಿ ವಿಮಾನಕ್ಕೆ ಬದಲಿಯಲ್ಲ. ಒಂದನ್ನು ಬೇಡಿದ ಮಗುವಿಗೆ ಇನ್ನೊಂದನ್ನು ಕೊಟ್ಟು ಉಪದೇಶ ಮಾಡುವುದು ನ್ಯಾಯವಲ್ಲ. ಆದರೆ ಬೆಲೆಯ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕಾಗಿದೆ. ಮುಚ್ಚಿದ ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಯನ್ನು ನಾವು ಮರುಮಾತಿಲ್ಲದೆ ತೆರುವೆವು; ಎದುರಿಗೆ ಕುಳಿತ ಕುಶಲಿಯೊಡನೆ ಹತ್ತು ರೂಪಾಯಿಗಾಗಿ ಚೌಕಾಶಿ ಮಾಡುವೆವು. ಉಕ್ಕಿನ ಅಚ್ಚಿನ ವೆಚ್ಚವನ್ನು ಒಪ್ಪುವ ಮನಸ್ಸು ಕೈಬೆರಳುಗಳ ಶ್ರಮವನ್ನು ಏಕೆ ಒಪ್ಪಬಾರದು? ಬೆಲೆ ಏರಿತೆಂದು ಗೊಣಗುವ ಮೊದಲು, ಯಾರ ಬೆಲೆಯನ್ನು ನಾವು ಏರಗೊಡಲಿಲ್ಲವೆಂಬುದನ್ನೂ ಕೇಳಿಕೊಳ್ಳುವುದು ಧರ್ಮ.

ಮಕ್ಕಳಿಗೆ ಹಿರಿಯರು ಹೇಳಬೇಕಾದುದು ಇಷ್ಟು. “ಬೇಡ” ಎಂದು ಗದರಿಸಬೇಡಿರಿ. “ನಾಳೆಯೇ ತರಿಸುವೆನು” ಎಂದು ಮಾತು ಕೊಡಲೂ ಬೇಡಿರಿ. ಬರಲಿರುವ ಆ ಒಂದು ವಿಮಾನಕ್ಕಾಗಿ ಹಣವನ್ನು ಕೂಡಿಸಲಿ. ಅದು ಬರುವವರೆಗೆ ಆ ವಿಮಾನವನ್ನು ಯಾರು ಕಟ್ಟಿದರು, ಏತಕ್ಕಾಗಿ ಕಟ್ಟಿದರು, ಅದರ ರೆಕ್ಕೆಗೆ ಆ ಆಕಾರವೇಕೆ ಎಂಬುದನ್ನು ಓದಿ ತಿಳಿಯಲಿ; ಮನೆಯಲ್ಲಿರುವ ಹಳೆಯ ಕಿಟ್ಟನ್ನು ಮುಗಿಸಲಿ. ಹೀಗೆ ಕಳೆದ ವರ್ಷವು ಕಾಯುವುದರಲ್ಲಿ ವ್ಯರ್ಥವಾದುದಲ್ಲ. ಪೆಟ್ಟಿಗೆಯು ಬಂದಾಗ ಬೆಲೆಯು ನೂರಿನ್ನೂರು ಹೆಚ್ಚಿದ್ದರೂ ಆಸೆಯು ಹಾಗೆಯೇ ಉಳಿದಿದ್ದರೆ, ಮನೆಯ ಖರ್ಚಿಗೆ ಬಾಧೆಯಿಲ್ಲದಿದ್ದರೆ, ಸಂತೋಷದಿಂದ ಕೊಡಿಸಬಹುದು. ಆಸೆಯು ಅಷ್ಟರಲ್ಲಿಯೇ ಆರಿಹೋಗಿದ್ದರೆ, ಹಣವೂ ಉಳಿಯಿತು, ತನ್ನ ಮನಸ್ಸಿನ ಪರಿಚಯವೂ ಆಯಿತು.

ಪ್ರಮಾಣವೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು: ಅಳತೆಯೆಂದು ಒಂದು, ನಿಜವನ್ನು ತಿಳಿಯುವ ಸಾಧನವೆಂದು ಇನ್ನೊಂದು. ಮಾದರಿಯಲ್ಲಿ ರೆಕ್ಕೆಯೊಂದೇ ಅಂಗುಲದಷ್ಟು ಬೆಳೆದರೆ ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ಅದು ಸುಳ್ಳು ವಿಮಾನ. ಮನೆತನದಲ್ಲಿಯೂ ಹಾಗೆಯೇ, ಆಸೆಯು ಇರತಕ್ಕದ್ದೇ ಸರಿ, ಉಳಿದ ಅಂಗಗಳಿಗೆ ಹೊಂದುವ ಅಳತೆಯಲ್ಲಿ ಇರತಕ್ಕದ್ದು. ಆ ಅಳತೆಯು ಅಂಗಡಿಯವನ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಅದನ್ನು ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಗೊತ್ತುಮಾಡಿಕೊಳ್ಳಬೇಕು.