ಕನಕನ ಬಾಳೆಹಣ್ಣು, ಕಾರಿನ ಕ್ಯಾಮೆರಾ

ಕಾರಿಗೆ ಕ್ಯಾಮೆರಾ ಹಾಕಿಸಬೇಕೆಂದು ಜೆ.ಸಿ. ರಸ್ತೆಯ ಅಂಗಡಿಗೆ ಹೋದರೆ ಬೆಲೆಗಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ: "ಕಾಣೋ ಥರದ್ದು ಬೇಕಾ ಸಾರ್, ಕಾಣದೇ ಇರೋದು ಬೇಕಾ?" ಒಂದು ಗಾಜಿನ ನಡುವೆ ಎದ್ದು ಕೂರುತ್ತದೆ, ರೆಕಾರ್ಡ್ ಆಗುವಾಗ ಕೆಂಪು ದೀಪ ಮಿನುಗುತ್ತದೆ. ಇನ್ನೊಂದು ಒಳಗಿನ ಕನ್ನಡಿಯ ಮರೆಗೆ ಸೇರಿಕೊಳ್ಳುತ್ತದೆ. ಅದರ ವೈರು ಮೇಲಿನ ಬಟ್ಟೆಯೊಳಗೆ ಮಾಯವಾಗುತ್ತದೆ, ದೀಪವನ್ನೂ ಆರಿಸಿಡಬಹುದು. ಚಿತ್ರ ಎರಡರಲ್ಲೂ ಒಂದೇ ಥರ ಬರುತ್ತದೆ, ಬೆಲೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅಂಗಡಿಯವರು ದಿನಕ್ಕೆ ಹತ್ತು ಸಲ ಕೇಳುವ ಈ ಮಾತಿಗೆ ಥಟ್ಟನೆ ಉತ್ತರ ಹೇಳಲು ನನಗಾಗಲಿಲ್ಲ. ಯೋಚನೆ ಮಾಡಿ ಬರುತ್ತೇನೆಂದು ಹೇಳಿ ಬಂದೆ. ಆ ಯೋಚನೆಯೇ ಈ ಬರಹ.

ನಾನಿರುವುದು ಮಡಿವಾಳದಲ್ಲಿ. ಸಂಜೆಯಾದರೆ ಕೇರಳಕ್ಕೂ ತಮಿಳುನಾಡಿಗೂ ಹೋಗುವ ಖಾಸಗಿ ಬಸ್ಸುಗಳಿಗೆ ಜನ ಇಲ್ಲಿ ಚೀಲ ಹಿಡಿದು ಕಾಯುತ್ತಾರೆ. ಸಿಲ್ಕ್ ಬೋರ್ಡ್ ಕಡೆಯಿಂದ ಹೊರರಾಜ್ಯದ ನಂಬರಿನ ವಾಹನಗಳು ಊರೊಳಕ್ಕೆ ಬರುತ್ತವೆ. ಇಂಥ ರಸ್ತೆಯಲ್ಲಿ ದಿನವೂ ಗಾಡಿ ಓಡಿಸುವವರಿಗೆ ಶಿಳ್ಳೆ, ಅಡ್ಡ ಚಾಚಿದ ಕೈ, "ಸೈಡಿಗೆ ಹಾಕಿ" ಎಂಬ ಮಾತು ಯಾವುದೂ ಹೊಸದಲ್ಲ. ನಿಯಮಗಳು ಸ್ಪಷ್ಟವಾಗಿಯೇ ಇವೆ. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. 2018ರ ತಿದ್ದುಪಡಿಯ ನಂತರ ದಾಖಲೆಗಳನ್ನು ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ಕಾಗದಪತ್ರ ನೋಡಲು ವಾಹನ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಎಂದು 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಸೂಚಿಸಿದ್ದರು.

ಇದೆಲ್ಲ ಕಾಗದದ ಮೇಲಿದೆ. ಕಿಟಕಿಯ ಗಾಜು ಇಳಿಸಿದ ಮೇಲೆ ನಡೆಯುವ ಮೂರು ನಿಮಿಷದ ಮಾತು ಮಾತ್ರ ಯಾವ ಕಾಗದಕ್ಕೂ ಬರುವುದಿಲ್ಲ. ರಸೀದಿ ಇರುವ ದಂಡವೋ, ರಸೀದಿ ಇಲ್ಲದ "ಏನಾದ್ರೂ ನೋಡ್ಕೊಳ್ಳಿ" ಎಂಬುದೋ ತೀರ್ಮಾನವಾಗುವುದು ಆ ಮೂರು ನಿಮಿಷದಲ್ಲಿ. ಎಷ್ಟೋ ಪೊಲೀಸರು ನೇರವಾಗಿ ಚಲನ್ ಕೊಟ್ಟು ಕಳಿಸುತ್ತಾರೆ. ಆದರೆ ಹಾಗಲ್ಲದ ದಿನ ಹೇಳಿಕೊಳ್ಳಲು ನಮ್ಮ ಹತ್ತಿರ ಏನಿರುತ್ತದೆ? ಅವರ ಮಾತು, ನಮ್ಮ ಮಾತು. ಅವರ ಮಾತಿನ ಹಿಂದೆ ಖಾಕಿ ಇದೆ. ಕ್ಯಾಮೆರಾದ ಆಸೆ ಹುಟ್ಟುವುದು ಈ ಅಸಮತೋಲನದಿಂದ.

ಗುಟ್ಟಾಗಿ ನೋಡುವ ಕಣ್ಣಿನ ಬಗ್ಗೆ ಯೋಚಿಸುವಾಗ ಕನ್ನಡದವರಿಗೆ ಕನಕದಾಸರ ಬಾಳೆಹಣ್ಣು ನೆನಪಾಗದೇ ಇರದು. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟರಂತೆ. ಒಬ್ಬ ಬಾಗಿಲ ಹಿಂದೆ, ಒಬ್ಬ ಕಂಬಳಿಯೊಳಗೆ ತಿಂದು ಬಂದರೆ, ದೇವರು ನೋಡದ ಜಾಗ ಸಿಗಲಿಲ್ಲವೆಂದು ಕನಕ ಹಣ್ಣನ್ನು ಹಾಗೇ ವಾಪಸು ತಂದ. ಶಾಲೆಯಲ್ಲಿ ಕೇಳಿದ ಈ ಕಥೆಯನ್ನು ಕ್ಯಾಮೆರಾದ ಪರವಾಗಿ ಓದುವುದು ಸುಲಭ. ಎಲ್ಲೆಲ್ಲೂ ಕಣ್ಣಿದ್ದರೆ ಯಾರೂ ತಿನ್ನುವುದಿಲ್ಲ, ಅಷ್ಟೇ ತಾನೆ?

ಅಷ್ಟೇ ಅಲ್ಲ. ಕನಕ ಆ ಕಣ್ಣನ್ನು ಇಟ್ಟುಕೊಂಡದ್ದು ತನ್ನ ಮೇಲೆ. ಉಳಿದವರು ಎಲ್ಲಿ ಕೂತು ತಿಂದರೆಂದು ಇಣುಕಲು ಅವನು ಹೋಗಲಿಲ್ಲ. ಇನ್ನೂ ಮುಖ್ಯವಾದದ್ದು, ಅವನನ್ನು ತಡೆದದ್ದು ಕಣ್ಣು ಇದೆ ಎಂಬ ಅರಿವು. ಆ ಕಣ್ಣು ಅಡಗಿ ಕೂತು, ಹಣ್ಣು ಗಂಟಲಿಗಿಳಿದ ಮೇಲೆ ಹೊರಗೆ ಬಂದು "ಸಿಕ್ಕಿಬಿದ್ದೆ" ಎನ್ನುವಂಥದ್ದಾಗಿದ್ದರೆ ಹಣ್ಣು ಉಳಿಯುತ್ತಿರಲಿಲ್ಲ. ಅಂಗಡಿಯ ಎರಡು ಕ್ಯಾಮೆರಾಗಳ ನಡುವೆಯೂ ಇದೇ ವ್ಯತ್ಯಾಸ. ಕಾಣುವ ಕ್ಯಾಮೆರಾ ಎದುರಿನವರಿಗೆ ತಪ್ಪು ಮಾಡದಿರುವ ಅವಕಾಶ ಕೊಡುತ್ತದೆ. ಕಾಣದ ಕ್ಯಾಮೆರಾ ಸಾರ್ಥಕವಾಗಬೇಕಾದರೆ ತಪ್ಪು ನಡೆಯಬೇಕು. ಅದನ್ನು ಕೊಂಡವನು ಗೊತ್ತಿಲ್ಲದೆಯೇ ಇನ್ನೊಬ್ಬರ ತಪ್ಪಿಗಾಗಿ ಕಾಯತೊಡಗುತ್ತಾನೆ.

ಗುಟ್ಟಾಗಿ ಹಿಡಿಯುವುದೇ ಅನ್ಯಾಯ ಎಂದೂ ಹೇಳಲಾಗದು. ಲೋಕಾಯುಕ್ತ ಪೊಲೀಸರ ಬಲೆಯೂ ಗುಟ್ಟಿನದ್ದೇ. ಫಿನಾಫ್ತಲೀನ್ ಪುಡಿ ಸವರಿದ ನೋಟು ಕೊಟ್ಟು ಕಳಿಸುತ್ತಾರೆ. ಅದನ್ನು ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಬಲೆಗೆ ಮೊದಲು ಒಂದು ದೂರು ಬೇಕು, ಜೊತೆಗೆ ಪಂಚರು ಬೇಕು. ಕಾರಿನ ಗುಟ್ಟಿನ ಕ್ಯಾಮೆರಾಕ್ಕೆ ಪಂಚರಿಲ್ಲ. ದೂರುದಾರ, ಸಾಕ್ಷಿ, ರಾತ್ರಿ ಫೇಸ್‌ಬುಕ್‌ನಲ್ಲಿ ನ್ಯಾಯಾಧೀಶ, ಮೂರೂ ಒಬ್ಬನೇ. ಇನ್ನೊಂದು ಸಂಗತಿಯನ್ನೂ ಕೊಳ್ಳುವವರು ತಿಳಿದಿರಬೇಕು. 2018ರ ಜುಲೈನಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ಐನೂರು ರೂಪಾಯಿ ಕೊಟ್ಟು, ವಿಡಿಯೊ ಇದೆಯಲ್ಲ ಎಂದು ಸುಮ್ಮನಿದ್ದವರ ಮೆಮೊರಿ ಕಾರ್ಡಿನಲ್ಲಿ ಎರಡು ಅಪರಾಧ ಇರುತ್ತವೆ.

ಇಲ್ಲಿಗೆ ನಾನು ಕಾಣುವ ಕ್ಯಾಮೆರಾದ ಕಡೆ ವಾಲಿದ್ದೆ. ನಮ್ಮ ಕೆಳಗಿನ ಮನೆಯಲ್ಲಿ ಕ್ಯಾಬ್ ಓಡಿಸುವ ಹುಡುಗನೊಬ್ಬನಿದ್ದಾನೆ. ಅವನಿಗೂ ಕ್ಯಾಮೆರಾ ಬೇಕಿತ್ತು. ನನ್ನ ವಾದವನ್ನೆಲ್ಲ ಕೇಳಿಸಿಕೊಂಡು ಅವನು ಹೇಳಿದ: "ಅಣ್ಣಾ, ನಿಮ್ಮ ಕ್ಯಾಮೆರಾ ನೋಡಿದ್ರೆ ಸಾರ್ ಅಂತಾರೆ. ನನ್ನ ಕ್ಯಾಮೆರಾ ನೋಡಿದ್ರೆ ಇಳಿಯೋ ಕೆಳಗೆ ಅಂತಾರೆ."

ಈ ಮಾತಿಗೆ ಎದುರಾಡುವುದು ಕಷ್ಟ. ಬಿಳಿ ಬೋರ್ಡಿನ ಕಾರಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತವನಿಗೆ ಕ್ಯಾಮೆರಾ ಒಂದು ರಕ್ಷಣೆ. ಹಳದಿ ಬೋರ್ಡಿನವನಿಗೆ ಅದು ಉದ್ಧಟತನದ ಗುರುತು. 2022ರ ಡಿಸೆಂಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕಿನ ಹತ್ತಿರ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯನ್ನು ತಡೆದು ಸಾವಿರ ರೂಪಾಯಿ ಕಟ್ಟಿಸಿಕೊಂಡ ಪ್ರಕರಣದಲ್ಲಿ ಇಬ್ಬರು ಪೊಲೀಸರು ಅಮಾನತಾದರು. ಅದು ಹೊರಬಂದದ್ದು ಆ ಗಂಡ ಟ್ವಿಟರ್‌ನಲ್ಲಿ ನಡೆದದ್ದನ್ನೆಲ್ಲ ಬರೆದಿದ್ದರಿಂದ. ಅವರ ಮಾತನ್ನು ಊರು ನಂಬಿತು. ಮಾತಿಗೆ ಅಷ್ಟು ಬೆಲೆ ಸಿಗದವರಿಗೇ ಚಿತ್ರದ ಸಾಕ್ಷಿ ಹೆಚ್ಚು ಬೇಕು, ಅದನ್ನು ಎಲ್ಲರೆದುರು ಹಿಡಿಯುವ ಧೈರ್ಯ ಸಾಲದವರೂ ಅವರೇ.

ಕಾಣುವ ಕಣ್ಣು ಯಾವಾಗಲೂ ತಡೆಯುತ್ತದೆಂದೂ ಇಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಪೊಲೀಸ್ ಅಧಿಕಾರಿ ಮೊಣಕಾಲೂರಿದಾಗ 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ಎದುರಿಗೇ ನಿಂತು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದಳು. ಅದು ಆ ಅಧಿಕಾರಿಗೆ ಕಾಣುತ್ತಿತ್ತು. ಮೊಣಕಾಲು ಏಳಲಿಲ್ಲ. ಅಲ್ಲಿ ಉಳಿದದ್ದು ಸಾಕ್ಷಿ ಮಾತ್ರ. ಅದೇ ದೇಶದ ಬಾಸ್ಟನ್‌ನಲ್ಲಿ 2007ರಲ್ಲಿ ಪೊಲೀಸರು ಯುವಕನೊಬ್ಬನನ್ನು ಬಂಧಿಸುವುದನ್ನು ಬಹಿರಂಗವಾಗಿ ಚಿತ್ರೀಕರಿಸಿದ ಸೈಮನ್ ಗ್ಲಿಕ್ ಎಂಬ ವಕೀಲರನ್ನೇ ಬಂಧಿಸಿದರು. 2011ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದು ನಾಗರಿಕರ ಹಕ್ಕು ಎಂದಿತು. 2020ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾರ್ವಜನಿಕ ಸ್ಥಳದಲ್ಲಿ ಕರ್ತವ್ಯದಲ್ಲಿರುವ ಪೊಲೀಸರ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಳ್ಳುವುದಕ್ಕೂ ರಕ್ಷಣೆಯಿದೆ ಎಂದಿತು. ಮಡಿವಾಳದಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯುವ ಕೇರಳದಲ್ಲಿ 2011ರ ಪೊಲೀಸ್ ಕಾಯ್ದೆಯೇ ಈ ಮಾತನ್ನು ಬರೆದಿಟ್ಟಿದೆ: ಕಾನೂನುಬದ್ಧವಾಗಿ ಇರುವ ಸ್ಥಳದಿಂದ ಜನ ಪೊಲೀಸರ ಕಾರ್ಯವನ್ನು ಚಿತ್ರೀಕರಿಸಿದರೆ ಯಾವ ಪೊಲೀಸ್ ಅಧಿಕಾರಿಯೂ ತಡೆಯುವಂತಿಲ್ಲ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅಂಥ ಸಾಲಿಲ್ಲ. ಆ ಒಂದು ಸಾಲು ಇದ್ದಿದ್ದರೆ ಕ್ಯಾಬ್ ಹುಡುಗನ ಕ್ಯಾಮೆರಾಕ್ಕೆ ಮರೆಯಲ್ಲಿ ಕೂರುವ ಅಗತ್ಯ ಅಷ್ಟು ಕಡಿಮೆಯಾಗುತ್ತಿತ್ತು.

ಕಿಟಕಿಯ ಆಚೆ ನಿಂತವರನ್ನೂ ಮನುಷ್ಯರೆಂದೇ ನೋಡಬೇಕು. ಹೊಗೆಯಲ್ಲಿ, ಹಾರನ್ನಿನ ಗದ್ದಲದಲ್ಲಿ ಇಡೀ ದಿನ ನಿಲ್ಲುವ ಕಾನ್‌ಸ್ಟೆಬಲ್ ಈಗಾಗಲೇ ಬೇಕಾದಷ್ಟು ಕಣ್ಣುಗಳ ಎದುರಿಗಿದ್ದಾರೆ. ಸಿಗ್ನಲ್ಲಿನ ಕ್ಯಾಮೆರಾ ಇದೆ, ಸಾಹೇಬರು ಕೊಟ್ಟು ಎದೆಗೆ ಸಿಕ್ಕಿಸಿದ ಕ್ಯಾಮೆರಾ ಇದೆ, ಹೋಗುವವರ ಫೋನುಗಳಿವೆ. ನಮ್ಮ ಕಾರಿನ ಕ್ಯಾಮೆರಾಕ್ಕೆ ಸಿಗುವುದು ಚಿಲ್ಲರೆ ಭ್ರಷ್ಟಾಚಾರ ಮಾತ್ರ. ಸಗಟು ವ್ಯಾಪಾರ ನಡೆಯುವುದು ರಸ್ತೆಯ ಬದಿಯಲ್ಲಲ್ಲ. ಇನ್ನೂರು ರೂಪಾಯಿ ಕೇಳಿದವರ ಮುಖ, ಹೆಸರಿನ ಪಟ್ಟಿ ಲಕ್ಷಾಂತರ ಫೋನುಗಳಿಗೆ ಹೋಗುತ್ತದೆ. ಇಲಾಖೆಯ ಶಿಕ್ಷೆಗೆ ಒಂದು ಅವಧಿ ಇರುತ್ತದೆ, ಇದಕ್ಕೆ ಇಲ್ಲ. ಅವರ ಮಗಳು ಶಾಲೆಯಲ್ಲಿ ಅದೇ ವಿಡಿಯೊ ನೋಡಬೇಕಾಗುತ್ತದೆ. ಕ್ಯಾಮೆರಾದ ಕಾರ್ಡಿಗೇ ನಮಗಿಂತ ಹೆಚ್ಚು ಕರುಣೆ: ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ.

ಅಂಗಡಿಯಲ್ಲಿ ತಿಳಿದ ಇನ್ನೊಂದು ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಮುಂದಿನ ಗಾಜಿಗೆ ಹಾಕಿದ ಕ್ಯಾಮೆರಾ ನೋಡುವುದು ರಸ್ತೆಯನ್ನು. ಡ್ರೈವರ್ ಪಕ್ಕದ ಕಿಟಕಿಗೆ ಬಂದು ನಿಂತವರು ಅದಕ್ಕೆ ಕಾಣುವುದೇ ಇಲ್ಲ. ಅವರು ಕಾಣಬೇಕಾದರೆ ಕಾರಿನ ಒಳಗಡೆ ಮುಖ ಮಾಡಿದ ಎರಡನೇ ಕ್ಯಾಮೆರಾ ಬೇಕು, ರಾತ್ರಿಗೆ ಇನ್ಫ್ರಾರೆಡ್ ಬೇಕು, ಮಾತು ಕೇಳಲು ಮೈಕ್ ಬೇಕು. ಎಂದರೆ, ತಿಂಗಳಿಗೆ ಮೂರು ನಿಮಿಷ ಪೊಲೀಸರನ್ನು ಹಿಡಿಯಲು ಉಳಿದ ಹೊತ್ತೆಲ್ಲ ನಮ್ಮವರನ್ನೇ ಹಿಡಿಯಬೇಕು. ಹೆಂಡತಿ ತವರಿನ ಫೋನಿಗೆ ಕಣ್ಣೀರಿಡುವುದು, ಮಗ ಸ್ನೇಹಿತನಿಗೆ ಹೇಳುವ ಗುಟ್ಟು, ಹಿಂದಿನ ಸೀಟಿನಲ್ಲಿ ಅಪ್ಪನ ನಿದ್ದೆ, ಎಲ್ಲವೂ ದಾಖಲು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ದಾವೆಯಲ್ಲಿ. ಆ ಹಕ್ಕನ್ನು ಸರ್ಕಾರದಿಂದ ಕೇಳಿ ಪಡೆದ ನಾವು ಮನೆಯವರಿಗೆ ಕೊಡದಿದ್ದರೆ ಹೇಗೆ?

2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು ಆದೇಶಿಸಿತು. ಅದರ ಜೊತೆಗೆ, ಇಲ್ಲಿ ಕ್ಯಾಮೆರಾ ಇದೆ ಎಂದು ಸ್ಥಳೀಯ ಭಾಷೆಯಲ್ಲೂ ದೊಡ್ಡದಾಗಿ ಬರೆದು ಬಾಗಿಲಲ್ಲಿ ಹಾಕಬೇಕೆಂದೂ ಹೇಳಿತು. ಕಣ್ಣು ಇದ್ದರೆ ಸಾಲದು, ಇದೆಯೆಂದು ಗೊತ್ತಿರಬೇಕು. ಅದು ಕನಕನ ಕಥೆಯ ಮಾತೇ. ರಸ್ತೆಗೂ ಇದು ಸಲ್ಲುತ್ತದೆ. ಪೊಲೀಸರ ಎದೆಯ ಕ್ಯಾಮೆರಾದಲ್ಲಿ ದಾಖಲಾದದ್ದು ತಡೆಯಲ್ಪಟ್ಟವನಿಗೂ ಕೇಳಿದ ಕೂಡಲೇ ಸಿಗುವಂತಾದರೆ ನಾವು ಕನ್ನಡಿಯ ಹಿಂದೆ ಕಣ್ಣು ಬಚ್ಚಿಡಬೇಕಾಗಿಲ್ಲ. ಅಲ್ಲಿಯವರೆಗೆ ಗುಟ್ಟು ಬೇಕಾದವರಿಗೆ ಅದನ್ನು ಬಿಟ್ಟುಕೊಡಿ ಎಂದು ಹೇಳುವ ಅಧಿಕಾರ, "ಸಾರ್" ಎನ್ನಿಸಿಕೊಳ್ಳುವ ನನಗಿಲ್ಲ. ಬಹಿರಂಗವಾಗಿರಲು ಶಕ್ತಿಯುಳ್ಳವರು ಬಹಿರಂಗವಾಗಿರಬೇಕು, ಅಷ್ಟನ್ನು ಹೇಳಬಲ್ಲೆ.

ನಾನು ಗಾಜಿನ ನಡುವೆ ಕೂರುವ, ದೀಪ ಮಿನುಗುವ ಕ್ಯಾಮೆರಾವನ್ನೇ ಹಾಕಿಸಿದೆ. ಒಳಗಿನ ಕಣ್ಣಿಗೂ ಮೈಕಿಗೂ ಒಂದು ಗುಂಡಿಯಿದೆ. ಕಾರಿನಲ್ಲಿ ಕೂತ ಯಾರು ಬೇಕಾದರೂ ಅದನ್ನು ಆರಿಸಬಹುದೆಂದು ಮನೆಯಲ್ಲಿ ಮಾತಾಗಿದೆ. ಕೆಳಗಿನ ಮನೆಯ ಹುಡುಗ ಕಾಣದ್ದನ್ನೇ ತಂದ. ಅದನ್ನು ಕೂರಿಸಲು ನಾನೂ ಕೈ ಹಾಕಿದೆ. ಏನೇ ಸಿಕ್ಕಿದರೂ ಮೊದಲು ಬರವಣಿಗೆಯಲ್ಲಿ ದೂರು, ವಾಟ್ಸಾಪ್ ಗುಂಪಿಗೆ ಇಲ್ಲ ಎಂದು ಅವನು ಒಪ್ಪಿದ. ಪ್ರಯಾಣಿಕರಿಗೆ ತಿಳಿಸಲೇಬೇಕಲ್ಲ ಎಂದಾಗ ಸ್ವಲ್ಪ ಹೊತ್ತು ಯೋಚಿಸಿ, ಮುಂದಿನ ಸೀಟಿನ ಹಿಂಬದಿಗೆ ಒಂದು ಚೀಟಿ ಅಂಟಿಸಿದ: "ಈ ಕಾರಿನ ಒಳಗೆ ಕ್ಯಾಮೆರಾ ಇದೆ." ಹಿಂದೆ ಕೂತವರಿಗೆ ಅದು ಸರಿಯಾಗಿ ಕಾಣುತ್ತದೆ. ಡ್ರೈವರ್ ಪಕ್ಕದ ಕಿಟಕಿಯಲ್ಲಿ ಬಗ್ಗಿ ನೋಡಿದವರಿಗೆ ಕಾಣುವುದಿಲ್ಲ.