ದಾರಿಯ ದುಡಿಮೆಯೂ ಕಾಯಕವೂ

ಸರಕಾರದ ಸಂಬಳಕ್ಕೆ ದಾರಿಯನ್ನು ದುರಸ್ತಿ ಮಾಡುವವನ ದುಡಿಮೆಯು, ಸರಕಾರದ ವಾಹನವನ್ನು ನಡೆಸುವವನ ದುಡಿಮೆಯು ಕಾಯಕವೆನಿಸೀತೆ ಎಂಬ ಪ್ರಶ್ನೆಯು ಭಕ್ತರಲ್ಲಿ ಆಗಾಗ ಏಳುವುದುಂಟು. ಕುಂಬಾರನ ತಿಗರಿ, ನೇಕಾರನ ಮಗ್ಗ ಅವರವರ ಸ್ವಂತದವು. ಇಲಾಖೆಯ ಸಲಿಕೆಯಾಗಲಿ ಜೀಪಾಗಲಿ ದುಡಿಯುವವನದಲ್ಲ. ಗೊತ್ತುಪಡಿಸಿದ ಹೊತ್ತು, ಮೇಲಧಿಕಾರಿಯ ಆಜ್ಞೆ, ಎಣಿಸಿಕೊಡುವ ಹಣ, ಇವುಗಳ ನಡುವೆ ಕಾಯಕಕ್ಕೆ ತೆರಪೆಲ್ಲಿ ಎನ್ನುತ್ತಾರೆ. ಹಾಗೆನ್ನುವವರು ಒಂದು ಸಂಗತಿಯನ್ನು ಮರೆತಂತಿದೆ. ಬಸವಣ್ಣನವರೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಸೇವೆಯಲ್ಲಿದ್ದವರು. ಅವರ ಮೇಲೆ ಅರಸನಲ್ಲಿ ಚಾಡಿ ಹೇಳಿದವರ ಕಥೆಯನ್ನು ಪುರಾಣಗಳು ವಿಸ್ತಾರವಾಗಿಯೇ ಹೇಳಿವೆ. ಪರರ ಸೊತ್ತಿನ ನಡುವೆ ನಿಂತು ದುಡಿಯುವುದು ಶರಣಧರ್ಮಕ್ಕೆ ಹೊಸತಲ್ಲ.

ರಾವೂರ, ವಾಡಿ, ಶಹಾಬಾದಗಳ ಸೀಮೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಅದರ ಮೇಲಿನ ದಾರಿಯೂ ಅದರೊಡನೆ ಒಡೆಯುತ್ತದೆ. ಸಾಲದುದಕ್ಕೆ ಹಾಸುಗಲ್ಲಿನ ಗಣಿಗಳಿಂದಲೂ ಸಿಮೆಂಟು ಕಾರಖಾನೆಗಳಿಂದಲೂ ಹೊರಡುವ ಭಾರದ ಲಾರಿಗಳು. ಬಿದ್ದ ತಗ್ಗನ್ನು ಮುಚ್ಚಲು ಅದರ ಅಂಚನ್ನು ನೆಟ್ಟಗೆ ಕಡಿಯಬೇಕು. ಒಳಗಿನ ಧೂಳನ್ನೂ ನೀರನ್ನೂ ತೆಗೆಯಬೇಕು. ಡಾಂಬರನ್ನು ಸವರಿ, ಖಡಿಯನ್ನು ತುಂಬಿ, ಗಟ್ಟಿಯಾಗುವಂತೆ ಕುಟ್ಟಬೇಕು. ಧೂಳನ್ನು ತೆಗೆಯದೆಯೇ ಖಡಿ ಸುರಿದರೂ ಅಂದಿನ ಸಂಜೆಗೆ ಎರಡು ಕೆಲಸಗಳೂ ಒಂದೇ ಬಗೆಯಾಗಿ ಕರ್ರಗೆ ಕಾಣುತ್ತವೆ. ಭೇದವು ತಿಳಿಯುವುದು ಮಳೆ ಹಿಡಿದ ಮೇಲೆ. ಆ ವೇಳೆಗೆ ಕೂಲಿ ಕೈಸೇರಿರುತ್ತದೆ. ತಗ್ಗು ಮುಚ್ಚಿದವನಾರೆಂದು ಕೇಳುವವರಿರುವುದಿಲ್ಲ. ಭೃತಿಗೂ ಕಾಯಕಕ್ಕೂ ಇರುವ ಅಂತರವನ್ನು ಗ್ರಂಥಗಳಲ್ಲಿ ಅರಸಬೇಕಾಗಿಲ್ಲ. ಯಾರೂ ನೋಡದ ಆ ಹಿಡಿ ಧೂಳಿನಲ್ಲಿ ಅದು ಕಂಡುಬರುತ್ತದೆ.

ವಾಹನ ನಡೆಸುವವನ ಪರೀಕ್ಷೆಯು ಬೇರೆ ತೆರನಾದುದು. ಸರಕಾರದ ವಾಹನವು ಎಲ್ಲಿಗೆ ಹೋಯಿತು, ಎಷ್ಟು ದೂರ ಓಡಿತು ಎಂಬುದನ್ನು ಲಾಗ್ ಬುಕ್ಕಿನಲ್ಲಿ ಬರೆದಿಡಬೇಕೆಂಬುದು ಕಟ್ಟಳೆ. ಮೇಲಿನವರ ಮನೆಯ ಮದುವೆಗೆ ವಾಹನವನ್ನು ಒಯ್ದು, ಪುಸ್ತಕದಲ್ಲಿ ಕಾಮಗಾರಿಯ ತಪಾಸಣೆಯೆಂದು ಬರೆಯಲು ಹೇಳಿದಾಗ ಆತನು ಮಾಡುವುದೇನು? ಒಲ್ಲೆನೆಂದರೆ ಅನ್ನಕ್ಕೆ ಕುತ್ತು. ಬರೆದರೆ ಸುಳ್ಳು ಆತನ ಕೈಬರಹದಲ್ಲಿಯೇ ಉಳಿಯುತ್ತದೆ. ಶರಣೆ ಸತ್ಯಕ್ಕನು ಅಂಗಳ ಗುಡಿಸುವ ಕಾಯಕದವಳು. ಲಂಚವಂಚನೆಗಳಿಗೆ ಕೈಯೊಡ್ಡೆನೆಂದೂ ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂದೂ ಆಣೆಯಿಟ್ಟು ನುಡಿದಳು. ಆಕೆಯು ಅಲ್ಲಿ ಬಳಸಿದ 'ಬಟ್ಟೆ' ಎಂಬ ಮಾತಿಗೆ ಹಳಗನ್ನಡದಲ್ಲಿ ದಾರಿಯೆಂದೇ ಅರ್ಥ. ಉಡುವ ಬಟ್ಟೆಯೆಂದು ತಿಳಿದು ತೊಡಕುವ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ. ಆದರೆ ದಾರಿಯಲ್ಲಿ ಬಿದ್ದ ಹೊನ್ನನ್ನು ಬಿಟ್ಟು ನಡೆಯುವುದಕ್ಕಿಂತ ಮೇಲಧಿಕಾರಿಯ ಮಾತನ್ನು ಮೀರುವುದು ಕಠಿಣ. ಇಲ್ಲಿ ಚಾಲಕನೊಬ್ಬನಿಂದಲೇ ವ್ರತವನ್ನು ನಿರೀಕ್ಷಿಸಿ, ಹಿಂದಿನ ಆಸನದಲ್ಲಿ ಕುಳಿತವರನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಸುಳ್ಳನ್ನು ಬರೆದವನಿಗಿಂತ ಬರೆಯಿಸಿದವನ ಪಾಲು ದೊಡ್ಡದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬಾರೆಂದು ಲಕ್ಕಮ್ಮನು ಕಳುಹಿದ ಕಥೆಯನ್ನು ಅರಿಯದ ಭಕ್ತರಿಲ್ಲ. ಈ ಕಥೆಯನ್ನು ದಿನಗೂಲಿಯವನ ಬಾಯಿಗೆ ಬೀಗವಾಗಿ ಬಳಸುವವರಿದ್ದಾರೆ. ಕೂಲಿಯಾಳೆಂದು ಸೇರಿ, ವರ್ಷಗಟ್ಟಲೆ ಇಲಾಖೆಯ ಟ್ರಾಕ್ಟರನ್ನೋ ಜೀಪನ್ನೋ ನಡೆಸಿ, ಚಾಲಕನ ವೇತನವನ್ನು ಕೇಳಿದವನಿಗೆ, ಇದ್ದುದರಲ್ಲಿ ತೃಪ್ತಿಪಡು, ಕಾಯಕದವನಿಗೆ ಆಸೆ ಸಲ್ಲದು ಎಂದು ಬೋಧಿಸುತ್ತಾರೆ. ಇದು ಲಕ್ಕಮ್ಮನ ಮಾತಿನ ವಿಪರ್ಯಾಸವೇ ಸರಿ. ಆಕೆ ಬೇಡವೆಂದುದು ಅಂದಿನ ಅಗತ್ಯವನ್ನು ಮೀರಿದುದನ್ನು, ದುಡಿದವನಿಗೆ ಸಲ್ಲತಕ್ಕುದನ್ನಲ್ಲ. ಅಲ್ಲದೆ ಆಕೆ ತಿದ್ದಿದುದು ತನ್ನ ಮನೆಯನ್ನು. ಪರರ ಕೂಲಿಯನ್ನು ಕಡಿಮೆ ಮಾಡಲಿಲ್ಲ. ಕೂಲಿಯಿಲ್ಲದ ಬಲಾತ್ಕಾರದ ದುಡಿಮೆಗೆ ಸಂಸ್ಕೃತದಲ್ಲಿ ವಿಷ್ಟಿಯೆಂದು ಹೆಸರು. ಕನ್ನಡದ 'ಬಿಟ್ಟಿ' ಅದರ ತದ್ಭವ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯವರಿಗೆ ಆ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೆಕೂಲಿಯ ದುಡಿಮೆಗೆ ಕಾಯಕವೆಂಬ ಹೆಸರಿಟ್ಟರೆ, ಬಿಟ್ಟಿಯು ಬೇರೊಂದು ವೇಷದಲ್ಲಿ ಮರಳಿದಂತಾಗುತ್ತದೆ.

ಈ ತಕರಾರು ನ್ಯಾಯಾಲಯವನ್ನೂ ಏರಿತು. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆಯಲ್ಲಿ, ಬಹುಕಾಲ ದುಡಿದವರನ್ನು ಹಂತಹಂತವಾಗಿ ಖಾಯಂಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. 2006ರಲ್ಲಿ, ಉಮಾದೇವಿ ಪ್ರಕರಣವೆಂದು ಹೆಸರಾದ ಕರ್ನಾಟಕದ್ದೇ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ನಿಯಮದಂತೆ ನೇಮಕಗೊಳ್ಳದವರಿಗೆ ಖಾಯಂ ಆಗುವುದು ಹಕ್ಕಲ್ಲವೆಂದು ತೀರ್ಮಾನಿಸಿತು. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದವರ ವಿಚಾರವನ್ನು ಒಂದು ಬಾರಿ ಪರಿಶೀಲಿಸಲು ಮಾತ್ರ ಎಡೆಗೊಟ್ಟಿತು. ಹೊರಗೆ ಕಾದು ನಿಂತ ಇತರ ಅರ್ಹರಿಗೂ ಸಮಾನ ಅವಕಾಶವಿರಬೇಕೆಂಬ ಅದರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಹತ್ತಾರು ವರ್ಷ ಒಬ್ಬನಿಂದ ದುಡಿಸಿಕೊಂಡು, ನಿನ್ನನ್ನು ನೇಮಿಸಿದ ಬಗೆಯೇ ಸರಿಯಲ್ಲವೆಂದು ಕಡೆಗೆ ಹೇಳುವಾಗ, ನೇಮಿಸಿದವರ ತಪ್ಪಿಗೆ ದಂಡ ತೆರುವವನು ದುಡಿದವನೇ ಆಗುತ್ತಾನೆ.

ಗೃಹಸ್ಥ ಭಕ್ತರ ಪಾಲೂ ಇಲ್ಲಿ ಇಲ್ಲದಿಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋಗುವಾಗ ತಗ್ಗು ಬಂದೊಡನೆ ದಾರಿಯ ಆಳುಗಳನ್ನು ಹಳಿಯುವವರು, ತಮ್ಮ ಹೊಲದ ಬದುವನ್ನು ವರ್ಷವರ್ಷವೂ ದಾರಿಯ ಅಂಚಿಗೆ ಸರಿಸುವುದುಂಟು; ಸುಗ್ಗಿಯಲ್ಲಿ ರಾಶಿಯನ್ನು ದಾರಿಯ ಮೇಲೆಯೇ ಹರವುವುದುಂಟು; ತೊಗರಿಯ ಕಟ್ಟಿಗೆಯನ್ನೂ ಹೊಲದ ಕಸವನ್ನೂ ಮೋರಿಯ ಬಾಯಿಗೆ ತಳ್ಳುವುದುಂಟು. ಮೋರಿ ಕಟ್ಟಿದರೆ ನೀರು ದಾರಿಯ ಮೇಲೆ ನಿಲ್ಲುತ್ತದೆ. ನಿಂತ ನೀರು ಡಾಂಬರಿನ ಅಡಿಗಿಳಿದು ಎರೆಮಣ್ಣನ್ನು ಉಬ್ಬಿಸುತ್ತದೆ. ಮರುವರ್ಷ ಮಳೆಗೆ ಮುಂಚೆ ಸಲಿಕೆ ಹಿಡಿದು ಮೋರಿಯೊಳಗೆ ಬಗ್ಗಿ, ಆ ಕಟ್ಟಿಗೆಯನ್ನು ಹೊರಗೆಳೆಯುವವನು ಅದೇ ದಿನಗೂಲಿಯ ಆಳು.