ಕಾಯಕದ ಮತ್ತೊಂದು ತುದಿ

ಮಹಾನವಮಿಯಂದು ಆಯುಧಗಳನ್ನು ಪೂಜಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಅನೂಚಾನವಾಗಿ ನಡೆದುಬಂದಿದೆ. ರೈತನ ನೇಗಿಲು, ಕಮ್ಮಾರನ ಸುತ್ತಿಗೆ, ಅಕ್ಕಸಾಲಿಗನ ತಕ್ಕಡಿ ಅಂದು ಕುಂಕುಮ ಧರಿಸಿ ದೇವರ ಮುಂದೆ ಕುಳಿತುಕೊಳ್ಳುತ್ತವೆ. ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗನೂ ಈ ಪದ್ಧತಿಯನ್ನು ಮರೆತಿಲ್ಲ. ಆದರೆ ಅವನು ಭಕ್ತಿಯಿಂದ ಪೂಜಿಸುವುದು ಬಹುಮಟ್ಟಿಗೆ ತನ್ನ ವಾಹನವನ್ನು. ಎಂದರೆ ಕೆಲಸಕ್ಕೆ ಕೊಂಡೊಯ್ಯುವ ಸಾಧನವನ್ನು, ಕೆಲಸದ ಸಾಧನವನ್ನಲ್ಲ. ಮೇಜಿನ ಮೇಲಿನ ಕಡತಕ್ಕೂ ಗಣಕಯಂತ್ರಕ್ಕೂ ಹೂವೇರಿಸಿದರೂ ಅವನ ಮನಸ್ಸು ಅಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಕಾರಣ ಅಶ್ರದ್ಧೆಯಲ್ಲ. ನೇಗಿಲು ಹಿಡಿದವನಿಗೆ ತೆನೆ ಕಾಣುತ್ತದೆ; ಮಗ್ಗದ ಮುಂದೆ ಕುಳಿತವನಿಗೆ ಸೀರೆ ಕಾಣುತ್ತದೆ. ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ 30 ವರ್ಷ ಅಂಕಿಗಳನ್ನು ಕೂಡಿಸಿದವನಿಗೆ ಕಾಣುವುದೇನು? ಒಂದು ಕಡತ ಬಂದಿತು, ಇನ್ನೊಂದು ಮೇಜಿಗೆ ಹೋಯಿತು, ಅಷ್ಟೆ. ಆದುದರಿಂದ ಅವನು ಬದುಕನ್ನೇ ಎರಡಾಗಿ ಸೀಳಿಕೊಳ್ಳುತ್ತಾನೆ: ವಾರವೆಲ್ಲ ಹೊಟ್ಟೆಗಾಗಿ, ಭಾನುವಾರ ಸಾರ್ಥಕತೆಗಾಗಿ. ಭಜನೆ, ನಾಟಕ, ಸಂಘದ ಸೇವೆ ಇವೆಲ್ಲ ಆ ಒಂದು ದಿನದ ಪಾಲಿಗೆ. (ಸಂಘಗಳು ಬಾಳಿರುವುದು ಇಂಥವರಿಂದಲೇ ಎಂಬುದನ್ನು ಮರೆಯಲಾಗದು.) ಆದರೂ ಉಳಿದ ದಿನಗಳ ಬರಡುತನವನ್ನು ಒಂದು ದಿನದ ಸೇವೆ ತುಂಬಿಕೊಡಬಲ್ಲುದೆ?

12ನೆಯ ಶತಮಾನದ ಶರಣರು ಈ ಸೀಳನ್ನೇ ಒಪ್ಪಲಿಲ್ಲ. ಬಸವಣ್ಣನವರು ನೇಗಿಲು ಹಿಡಿದವರಲ್ಲ, ಮಗ್ಗ ನೇಯ್ದವರಲ್ಲ. ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಅವರು ಮೊದಲು ಕರಣಿಕರಾಗಿ ಸೇರಿದರೆಂದು ಪರಂಪರೆ ಹೇಳುವ ಮಂಗಳವೇಢೆ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಹುಟ್ಟೂರು ಬಿಟ್ಟು ಬಂದು, ಪರರ ಹೊನ್ನನ್ನು ಎಣಿಸುವ ಕೆಲಸ! ಭಂಡಾರದ ಹಣವನ್ನು ಶರಣರಿಗಾಗಿ ವ್ಯಯಿಸಿದರೆಂದು ದೊರೆಯಲ್ಲಿಗೆ ದೂರು ಹೋದಾಗ ಲೆಕ್ಕ ಸರಿಯಾಗಿಯೇ ಇತ್ತೆಂದು ಪುರಾಣಗಳು ವರ್ಣಿಸುತ್ತವೆ. ಅದರಲ್ಲಿನ ಪವಾಡವನ್ನು ಬದಿಗಿರಿಸಿದರೂ, ತನ್ನದಲ್ಲದ ಹಣವನ್ನು ಕಾಯುವವನ ನಿಷ್ಠೆಯನ್ನು ಜನ ಭಕ್ತಿಯೆಂದೇ ಕಂಡರೆಂಬುದು ಉಳಿಯುತ್ತದೆ.

ಆಯ್ದಕ್ಕಿ ಮಾರಯ್ಯನ ಕಥೆ ಇನ್ನೂ ತೀಕ್ಷ್ಣವಾದುದು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಆ ಅಕ್ಕಿಯಿಂದ ಜಂಗಮರಿಗೆ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಲೋಕದ ಕಣ್ಣಿಗೆ ಇದಕ್ಕಿಂತ ಅಲ್ಪವಾದ ಕೆಲಸ ಯಾವುದು? ಬಡ್ತಿಯಿಲ್ಲ, ಬಿರುದಿಲ್ಲ. ಆದರೆ ಆ ದಂಪತಿಗಳಿಗೆ ಎರಡು ಸಂಗತಿಗಳು ನಿಚ್ಚಳವಾಗಿ ತಿಳಿದಿದ್ದುವು: ಅಕ್ಕಿ ಯಾರ ಹಸಿವಿಗೆ ಸಲ್ಲುತ್ತದೆ, ಎಷ್ಟಾದರೆ ಸಾಕು. ಮಹಾನಗರದ ಉದ್ಯೋಗಿಗೆ ಮಸುಕಾಗಿರುವುದು ಇವೇ ಎರಡು. ಎರಡನೆಯದನ್ನು ಕೇಳುವ ಲಕ್ಕಮ್ಮನಂಥವರು ಮನೆಯಲ್ಲಿದ್ದರೂ ಅವರ ಮಾತು ನಡೆಯುವುದು ಅಪರೂಪ.

ಕಾಯಕವನ್ನು ಕೈಲಾಸಕ್ಕೆ ಸಮನೆನ್ನುವ ಫಲಕವನ್ನು ಕಚೇರಿಯ ಗೋಡೆಗೆ ತೂಗುಹಾಕುವವನು ಸಾಮಾನ್ಯವಾಗಿ ಯಜಮಾನ. ದುಡಿಯುವವನ ಬಾಯಿ ಮುಚ್ಚಿಸಲು ಆ ಮಾತು ಬಳಕೆಯಾದರೆ ಅದು ಶರಣಧರ್ಮವಲ್ಲ. ಅನ್ಯಾಯದ ಕೆಲಸವೂ ಪೂಜೆ ಮಾಡಿದ ಮಾತ್ರಕ್ಕೆ ಕಾಯಕವಾಗದು. ಕಳ್ಳತೂಕದವನ ತಕ್ಕಡಿಗೂ ನವಮಿಯಂದು ಕುಂಕುಮ ಬೀಳುತ್ತದೆ.

ಆದರೆ ಹೆಚ್ಚಿನ ಉದ್ಯೋಗಗಳು ಅನ್ಯಾಯದವಲ್ಲ, ಕೇವಲ ನೀರಸವಾದವು. ಪಿಂಚಣಿ ವಿಭಾಗದ ಗುಮಾಸ್ತನೊಬ್ಬನನ್ನು ಭಾವಿಸಿಕೊಳ್ಳಬಹುದು. ಅವನ ಮೇಜಿನ ಮೇಲೆ ಮೂರು ವಾರಗಳಿಂದ ಒಂದು ಅರ್ಜಿ ಬಿದ್ದಿದೆ; ಒಂದು ಸಹಿ ಕಡಮೆ. ಅವನ ಮಟ್ಟಿಗೆ ಅದೊಂದು ಸಂಖ್ಯೆ. ಆ ಸಂಖ್ಯೆಯ ಮತ್ತೊಂದು ತುದಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಮಗನ ಶಾಲೆಯ ಶುಲ್ಕಕ್ಕಾಗಿ ದಿನ ಎಣಿಸುತ್ತಿದ್ದಾಳೆ. ನಿಯಮ ತೋರಿಸಿ ಅರ್ಜಿಯನ್ನು ಹಿಂದಿರುಗಿಸಿದರೆ ಅವನ ಸಂಬಳ ಇಳಿಯದು. ಎದ್ದು ಹೋಗಿ ಆ ಸಹಿಯನ್ನು ಹಾಕಿಸಿ ತಂದರೆ ಸಂಬಳ ಏರದು. ಎರಡಕ್ಕೂ ವೇತನ ಒಂದೇ ಆದುದರಿಂದ, ಎದ್ದು ಹೋಗುವ ಆ ಹತ್ತು ಹೆಜ್ಜೆ ಮಾತ್ರ ಪೂರ್ತಿಯಾಗಿ ಅವನ ಸ್ವಂತದ್ದು. ಆ ಹೆಂಗಸಿಗೆ ಅವನ ಹೆಸರು ಎಂದೂ ತಿಳಿಯುವುದಿಲ್ಲ. ನವಮಿಯ ದಿನ ಕಚೇರಿಯಲ್ಲಿ ಮಂಗಳಾರತಿ ಎತ್ತುವಾಗ ಆ ಅರ್ಜಿ ಇನ್ನೂ ಮೇಜಿನ ಮೇಲಿದೆಯೋ, ಹೊರಟುಹೋಗಿದೆಯೋ ಎಂಬುದು ಅವನೊಬ್ಬನಿಗೇ ಗೊತ್ತು.